ಆಮೆಯ ಬೆನ್ನೊಳಗೆ ಏನಿದೆ?

ಗೋವಾದ ಆಮೆ ಎಂದೊಡನೆ ಮೊರ್ಜಿಂ, ಗಾಲ್ಜಿಬಾಗ್ ಕಡಲತೀರಗಳಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲಿ ನೆನಪಾಗುತ್ತದೆ. ಈ ಅಧ್ಯಾಯ ಅದರದ್ದಲ್ಲ. ಹೊಳೆ, ಕೆರೆ, ಭತ್ತದ ಗದ್ದೆಗಳ ಕೆಸರಿನಲ್ಲಿ ಬದುಕುವ ಸಿಹಿನೀರಿನ ಆಮೆ ಲಿಸ್ಸೆಮಿಸ್ ಪಂಕ್ಟೇಟಾದ್ದು. ಘಟ್ಟದ ಮೇಲೆ ನಮ್ಮ ಕೆರೆಗಳಲ್ಲಿರುವುದೂ ಇದೇ. ಬೆನ್ನಿನ ಉದ್ದ ಹೆಚ್ಚೆಂದರೆ ಒಂದಡಿಗಿಂತ ತುಸು ಜಾಸ್ತಿ. ಕಪ್ಪೆ, ಬಸವನಹುಳು, ಮೀನು, ಜಲಸಸ್ಯ, ಸತ್ತ ಪ್ರಾಣಿ, ಎಲ್ಲವೂ ಇದಕ್ಕೆ ಆಹಾರ. ಹೊಟ್ಟೆಯ ಚಿಪ್ಪಿನ ಹಿಂಬದಿಯಲ್ಲಿ ಎರಡು ಮಡಿಕೆಗಳಿವೆ. ಕಾಲೆಳೆದುಕೊಂಡ ಕೂಡಲೇ ಅವು ಕದದಂತೆ ಮುಚ್ಚಿಕೊಳ್ಳುತ್ತವೆ.

ಇನ್ನು ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಚಿಪ್ಪು ಆಮೆಯ ಮನೆ, ಬೇಕಾದಾಗ ಅದು ಹೊರಬರುತ್ತದೆ ಎಂಬ ಚಿತ್ರ ಮಕ್ಕಳ ಪುಸ್ತಕಗಳಿಂದ ನಮ್ಮ ತಲೆಗೆ ಹತ್ತಿಬಿಟ್ಟಿದೆ. ಚಿಪ್ಪಿನ ಒಳಮೈ ನೋಡಿದರೆ ಆ ಚಿತ್ರ ಅಲ್ಲೇ ಮುರಿದುಬೀಳುತ್ತದೆ. ನಡುವೆ ಬೆನ್ನುಮೂಳೆ, ಇಕ್ಕೆಲಗಳಲ್ಲಿ ಅಗಲವಾಗಿ ಹರಡಿ ಒಂದಕ್ಕೊಂದು ಬೆಸೆದುಕೊಂಡ ಪಕ್ಕೆಲುಬುಗಳು. ಚಿಪ್ಪು ಒಡೆದರೆ ಮೂಳೆ ಮುರಿದಂತೆಯೇ. ನಮ್ಮ ಭುಜದೆಲುಬು ಪಕ್ಕೆಲುಬಿನ ಹೊರಗಿದ್ದರೆ ಆಮೆಯದ್ದು ಒಳಗಿದೆ! ಬೆನ್ನೆಲುಬಿರುವ ಬೇರಾವ ಪ್ರಾಣಿಯಲ್ಲೂ ಈ ಏರ್ಪಾಡಿಲ್ಲ. ಈ ಚಿಪ್ಪು ಒಮ್ಮೆಗೇ ಬಂದದ್ದೂ ಅಲ್ಲ. ಚೀನಾದಲ್ಲಿ ಸಿಕ್ಕು 2008ರಲ್ಲಿ ವರದಿಯಾದ, ಸುಮಾರು 22 ಕೋಟಿ ವರ್ಷ ಹಳೆಯ ಓಡಾಂಟೋಕೀಲಿಸ್ ಎಂಬ ಆದಿ ಆಮೆಯ ಪಳೆಯುಳಿಕೆಯಲ್ಲಿ ಹೊಟ್ಟೆಯ ಚಿಪ್ಪು ಪೂರ್ಣವಾಗಿದೆ, ಬೆನ್ನಿನದು ಇನ್ನೂ ಆಗಿಲ್ಲ.

ಹಾಗಾದರೆ ಉಸಿರಾಟ? ನಾವು ಪಕ್ಕೆಲುಬು ಹಿಗ್ಗಿಸಿ ಗಾಳಿ ಎಳೆಯುತ್ತೇವೆ. ಆಮೆಯ ಪಕ್ಕೆಲುಬು ಜಗ್ಗುವುದಿಲ್ಲ. ಅದರ ಶ್ವಾಸಕೋಶಗಳು ಬೆನ್ನಿನ ಚಿಪ್ಪಿಗೆ ಅಂಟಿಕೊಂಡಿವೆ. ಹೊಟ್ಟೆಯ ಒಂದು ಸ್ನಾಯು ಕರುಳು ಮುಂತಾದವನ್ನು ಮೇಲಕ್ಕೊತ್ತಿದಾಗ ಗಾಳಿ ಹೊರಹೋಗುತ್ತದೆ, ಇನ್ನೊಂದು ಸ್ನಾಯು ಅವನ್ನು ಸಡಿಲಿಸಿದಾಗ ಒಳಬರುತ್ತದೆ. ಹೆದರಿದ ಆಮೆ ತಲೆ-ಕಾಲುಗಳನ್ನು ಸರ್ರನೆ ಒಳಗೆಳೆದಾಗ ಕೇಳುವ 'ಹಿಸ್' ಬೆದರಿಕೆಯ ಸದ್ದೇನಲ್ಲ. ಒಳಗೆ ಜಾಗವಿಲ್ಲದೆ ಹೊರಬಿದ್ದ ಗಾಳಿ ಅದು, ಅಷ್ಟೇ.

ಬೇಸಿಗೆಯಲ್ಲಿ ನೀರು ಬತ್ತಿದರೆ ಈ ಆಮೆ ಕೆಸರಿನಡಿ ಹೂತುಕೊಂಡು ಕಾಯುತ್ತದೆ. ಮೊಟ್ಟೆಯೊಳಗಿನ ಭ್ರೂಣಕ್ಕೂ ಕಾಯುವುದು ಗೊತ್ತು. ಬೆಳವಣಿಗೆಯನ್ನು ತಡೆಹಿಡಿದು ಮಣ್ಣಿನಲ್ಲಿ ತಿಂಗಳುಗಟ್ಟಲೆ ಇದ್ದುಬಿಡುತ್ತದೆ. (ನನಗಂತೂ ಚಿಪ್ಪಿಗಿಂತ ಇದೇ ದೊಡ್ಡ ಸೋಜಿಗ. ಅದಕ್ಕೆ ಬೇರೆಯೇ ಅಧ್ಯಾಯ ಬೇಕು.) ಮುಂಗಾರು ಬಿದ್ದೊಡನೆ ಆಮೆಗಳು ಮೇಲೆದ್ದು ರಸ್ತೆ ದಾಟತೊಡಗುತ್ತವೆ.

ದಾರಿಯಲ್ಲಿ ಸಿಕ್ಕ ಆಮೆಯನ್ನು ಉಳಿಸುವ ಉತ್ಸಾಹದಲ್ಲಿ ಸಮುದ್ರಕ್ಕೆ ಬಿಡಬೇಡಿ. ಇದು ಉಪ್ಪುನೀರಿನ ಜೀವಿಯಲ್ಲ. ಅದು ಹೊರಟಿದ್ದ ದಿಕ್ಕಿಗೇ ರಸ್ತೆ ದಾಟಿಸಿದರೆ ಸಾಕು. ಗದ್ದೆಯ ಬದುವಿನಲ್ಲಿ ಖಾಲಿ ಚಿಪ್ಪು ಕಂಡರೆ ಮಗುಚಿ ನೋಡಿ, ಪಕ್ಕೆಲುಬು ಎಣಿಸಿ, ಫೋಟೋ ತೆಗೆದುಕೊಳ್ಳಿ. ಮನೆಗೆ ಮಾತ್ರ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ಈ ಆಮೆಯ ಹೆಸರಿದೆ, ಚಿಪ್ಪಿಗೂ ಅದು ಅನ್ವಯಿಸುತ್ತದೆ.