ಕೊಂಬೈ ನಾಯಿಯ ಕುಲ

ಉತ್ತಮಪಾಳಯಂ ತಾಲೂಕಿನ ಕೊಂಬೈ ಪಶ್ಚಿಮಘಟ್ಟದ ಬುಡದ ಊರು. ಹಿಂದೆ ಅಲ್ಲಿ ಪಾಳೆಯಗಾರಿಕೆ ನಡೆಸಿದವರು ಕನ್ನಡ ಮನೆಮಾತಿನ ಕಪ್ಪಿಲಿಯರು. ನಮ್ಮಂತೆಯೇ ಪರಭಾಷೆಯ ನಡುವೆ ಬಾಳಿದವರೆಂದು ಆ ಊರಿನ ಮೇಲೆ ನನಗೊಂದು ಅಕ್ಕರೆ. ಲೋಕಕ್ಕೆ ಮಾತ್ರ ಊರಿನ ಹೆಸರು ತಿಳಿದದ್ದು ಅಲ್ಲಿನ ನಾಯಿಯಿಂದ: ಕೆಂಗಂದು ಮೈ, ಕರಿ ಮೂತಿ, ಕಾಡುಹಂದಿಗೂ ಬೆದರದ ಎದೆ.

2020ರ ಆಗಸ್ಟಿನಲ್ಲಿ ಪ್ರಧಾನಿಯವರು ಬಾನುಲಿಯಲ್ಲಿ ದೇಶೀ ತಳಿಗಳ ಹೆಸರು ಹೇಳಿದಾಗ ನಮ್ಮ ಮುಧೋಳದ ಜೊತೆ ಕೊಂಬೈಯೂ ಇತ್ತು. ಸಂತೋಷವೇ ಸರಿ. ಆದರೆ ಕೊಳ್ಳುವವರು ಹೆಚ್ಚಿ, ಅಸಲು ತಳಿಯ ನಾಯಿಗಳು ಕೆಲವೇ ಇದ್ದಾಗ ಏನಾಗುತ್ತದೆ? ಅಣ್ಣ ತಂಗಿಯರನ್ನೇ, ತಂದೆ ಮಗಳನ್ನೇ ಕೂಡಿಸುತ್ತಾರೆ. ದೋಷವುಳ್ಳ ವಂಶಾಣು ಒಂದೇ ಇದ್ದರೆ ಅನೇಕ ವೇಳೆ ಅದು ಅಡಗಿರುತ್ತದೆ. ತಾಯಿತಂದೆ ಇಬ್ಬರಿಂದಲೂ ಬಂದರೆ ರೋಗವಾಗಿ ತಲೆಯೆತ್ತುತ್ತದೆ. ಒಡಹುಟ್ಟಿದವುಗಳ ಮರಿಯಲ್ಲಿ ಯಾವುದೇ ವಂಶಾಣುವಿನ ಎರಡು ಪ್ರತಿಗಳೂ ಒಂದೇ ಮೂಲದವಾಗುವ ಸಂಭವ ನೂರಕ್ಕೆ 25.

ನೆರೆಯ ರಾಜಪಾಳಯಂ ನಾಯಿಯ ಕಥೆ ಕೇಳಿ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ತಳಿ ಅದು. ಹಾಲುಬಿಳಿ ಮೈ, ಗುಲಾಬಿ ಮೂಗಿನ ಮರಿಯೇ ಬೇಕೆಂದು ಜನ ಆರಿಸುತ್ತ ಹೋದರು. ಚರ್ಮಕ್ಕೆ ಬಣ್ಣ ಕೊಡುವ ಜೀವಕಣಗಳು ಒಳಕಿವಿಗೂ ಬೇಕು, ಅವಿಲ್ಲದಿದ್ದರೆ ಕಿವುಡು. ಮನೆ ಕಾಯಬೇಕಾದ ನಾಯಿಗೇ ಕಳ್ಳನ ಹೆಜ್ಜೆ ಕೇಳಿಸದು!

ಕೊಂಬೈ ಉಳಿಯಬೇಕಾದರೆ ದೂರದ ಹಟ್ಟಿಗಳ ಗಂಡು ನಾಯಿ ತರಿಸಬೇಕು, ಮೂರು ತಲೆಮಾರಾದರೂ ಬರೆದಿಡಬೇಕು. ಮರಿ ಕೊಳ್ಳಹೋದವರು ಬಣ್ಣ ಕೇಳುವ ಮೊದಲು ಅಜ್ಜ ಅಜ್ಜಿ ಯಾರೆಂದು ಕೇಳಲಿ. ಬೆನ್ನ ಹಿಂದೆ ನಿಂತು ಒಮ್ಮೆ ಚಪ್ಪಾಳೆ ತಟ್ಟಲಿ. ಒಂದೇ ಕಿವಿ ಕಿವುಡಾದರೆ ಅದಕ್ಕೂ ತಿಳಿಯದು, ಪಶುವೈದ್ಯರೇ ಯಂತ್ರ ಹಚ್ಚಿ ನೋಡಬೇಕು.