ಪೀಣ್ಯದ ಕೆಲಸ ಮಧುಗಿರಿಯ ಲೇತ್ ಅಂಗಡಿಗೆ ಬರಬಹುದೇ?

ತಾನೇ ಟೂಲ್ ಬದಲಿಸುವ ಮೆಷಿನ್: ಗುಟ್ಟು ಬಸ್ಸಿನ ಬ್ರೇಕಿನಲ್ಲೇ ಇದೆ!

ಪಾವಗಡದಿಂದ ಮಧುಗಿರಿ, ಕೊರಟಗೆರೆ ದಾಟಿ ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಕೂತವರಿಗೆ ಈ ದಾರಿ ಬಾಯಿಪಾಠ. ದಾಬಸ್‌ಪೇಟೆಯಲ್ಲಿ ಹೆದ್ದಾರಿ, ನೆಲಮಂಗಲದಲ್ಲಿ ಇಳಿಯುವವರ ಗಲಾಟೆ. ಮಾದಾವರದ ಹತ್ತಿರ ಮೆಷಿನ್ ಟೂಲ್‌ಗಳ ದೊಡ್ಡ ಪ್ರದರ್ಶನ ನಡೆಯುವ ಮೈದಾನ. ಆಮೇಲೆ ಪೀಣ್ಯ. ಯಶವಂತಪುರ ಬರುವ ಮೊದಲೇ, 1962ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಮೆಷಿನ್ ಟೂಲ್ ಸಂಸ್ಥೆ. ಅತ್ತ ಜಾಲಹಳ್ಳಿ ಕಡೆ, 1953ರಲ್ಲಿ ಸ್ವಿಸ್ ಕಂಪನಿಯ ನೆರವಿನಿಂದ ಹುಟ್ಟಿ ಲೇತ್ ತಯಾರಿಸಿದ ಹೆಚ್.ಎಂ.ಟಿ. ಇತ್ತ ಸಿರಾ ರಸ್ತೆಯಲ್ಲಿ ಬಂದರೆ ವಸಂತನರಸಾಪುರ. ಅಲ್ಲೂ ಮೆಷಿನ್ ಟೂಲ್ ಪಾರ್ಕ್. ತುಮಕೂರಿನಲ್ಲೇ ಹೆಚ್.ಎಂ.ಟಿ. ಗಡಿಯಾರ ಕಾರ್ಖಾನೆ ಇತ್ತು. 2016ರಲ್ಲಿ ಗಡಿಯಾರದ ಕಂಪನಿಯನ್ನೇ ಮುಚ್ಚಿದರು. ಆ ಜಾಗ ಇಸ್ರೋ ಪಾಲಾಯಿತು.

ಕಿಟಕಿಯಿಂದ ಇಷ್ಟೆಲ್ಲ ಕಾಣುತ್ತದೆ. ಆದರೆ ಬಸ್ಸು ಹಿಂದಿರುಗಿ ನಮ್ಮ ಊರಿನ ಲೇತ್ ಅಂಗಡಿ ಮುಂದೆ ನಿಂತಾಗ ಕಾಣುವುದೇನು? ಬೋರ್‌ವೆಲ್ ಮೋಟಾರಿನ ಶಾಫ್ಟು, ಕಡಲೆಕಾಯಿ ಬಿಡಿಸುವ ಮೆಷಿನ್ನಿನ ಸವೆದ ಬುಷ್ಷು, ಟ್ರ್ಯಾಕ್ಟರ್ ಪಿನ್ನು. ಜೊತೆಗೆ ಹಳ್ಳಿಯಿಂದ ಬಂದ ರೈತನ ಒಂದೇ ಪ್ರಶ್ನೆ: "ಅಣ್ಣಾ, ಸಂಜೆ ಬಸ್ಸಿಗೆ ಸಿಗುತ್ತಾ?"

ರಿಪೇರಿ ಅನ್ನ ಹಾಕುತ್ತದೆ, ನಿಜ. ಆದರೆ ಒಂದೇ ನಮೂನೆಯ ನಲವತ್ತು ಐವತ್ತು ಪೀಸ್ ಬೇಕೆಂಬ ಆರ್ಡರು ಪೀಣ್ಯಕ್ಕೆ ಹೋಗುತ್ತದೆ. ಅದರ ಹಿಂದೆಯೇ ಐಟಿಐ ಮುಗಿಸಿದ ಹುಡುಗರೂ ಬ್ಯಾಗು ಹಾಕಿಕೊಂಡು ಹೋಗುತ್ತಾರೆ. ಸಣ್ಣ ಅಂಗಡಿ ಎಲ್ಲಿ ಸೋಲುತ್ತದೆ ಎಂದು ಹುಡುಕಿದರೆ, ಒಂದು ಕಾರಣ ಸ್ಪ್ಯಾನರಿನ ತುದಿಯಲ್ಲಿ ಸಿಗುತ್ತದೆ.

ಲೆಕ್ಕ ಹಾಕಿ ನೋಡಿ

ಕಂಪ್ಯೂಟರ್ ಹೇಳಿದಂತೆ ಓಡುವ ಪುಟ್ಟ ಮಿಲ್ಲಿಂಗ್ ಮೆಷಿನ್ ಈಗ ಮೇಜಿನ ಮೇಲೆ ಕೂರುತ್ತದೆ. ಹವ್ಯಾಸಕ್ಕೆಂದು ಮನೆಯಲ್ಲೇ ಕಟ್ಟಿಕೊಂಡವರೂ ಉಂಟು. ಆದರೆ ಒಂದು ಪೀಸಿಗೆ ಮೊದಲು ಮೇಲ್ಮೈ ಸವರಬೇಕು, ಆಮೇಲೆ ತೂತು, ತೂತಿಗೆ ಮರೆ, ಅಂಚು. ಪ್ರತಿಯೊಂದಕ್ಕೂ ಬೇರೆ ಟೂಲ್. ಪೀಸಿಗೆ ಐದು ಸಲ ಬದಲಿಸಿದರೆ ನಲವತ್ತು ಪೀಸಿಗೆ 200 ಸಲ. ಸಲಕ್ಕೆ ಒಂದು ನಿಮಿಷ ಅಂದರೂ 3 ಗಂಟೆ 20 ನಿಮಿಷ ಬರೀ ಬಿಚ್ಚುವುದು, ಬಿಗಿಯುವುದು! ಅದೇ ಕೆಲಸ 15 ಸೆಕೆಂಡಿನಲ್ಲಿ ಆದರೆ 50 ನಿಮಿಷ. ಉಳಿದದ್ದು ಎರಡೂವರೆ ಗಂಟೆ. ಮೇಲಾಗಿ, ಮೆಷಿನ್ ಮುಂದೆ ಆಳು ಕಾಯಬೇಕಿಲ್ಲ. ಪಕ್ಕದ ಲೇತಿನಲ್ಲಿ ರೈತನ ಶಾಫ್ಟು ಮುಗಿಸಬಹುದು.

ದೊಡ್ಡ ಕಾರ್ಖಾನೆಗೆ ಇದು ಹಳೇ ಸುದ್ದಿ. ಅಮೆರಿಕದ ಮಿಲ್ವಾಕಿ ಊರಿನ ಕಂಪನಿಯೊಂದು ತಾನೇ ಟೂಲ್ ಬದಲಿಸುವ ಮೆಷಿನ್ನನ್ನು 1950ರ ದಶಕದ ಕೊನೆಯಲ್ಲೇ ತಂದಿತ್ತು. ಈಗ ಹವ್ಯಾಸಿಗಳು ಅದನ್ನೇ ಮನೆಯಲ್ಲಿ ಕಟ್ಟುತ್ತಿದ್ದಾರೆ.

ಸ್ಪ್ರಿಂಗು ಹಿಡಿಯಬೇಕು, ಗಾಳಿ ಬಿಡಿಸಬೇಕು

ಈಗಿನ ಬಸ್ಸು, ಲಾರಿಗಳ ಹ್ಯಾಂಡ್‌ಬ್ರೇಕ್ ಗಮನಿಸಿ. ಬ್ರೇಕ್ ಹಿಡಿಯುವುದು ಗಾಳಿಯಲ್ಲ, ಗಟ್ಟಿ ಸ್ಪ್ರಿಂಗು. ಗಾಳಿ ತುಂಬಿದರೆ ಮಾತ್ರ ಬಿಡುತ್ತದೆ. ಗಾಳಿ ಸೋರಿದರೆ ಗಾಡಿ ನಿಲ್ಲುತ್ತದೆಯೇ ಹೊರತು ಉರುಳಿ ಹೋಗುವುದಿಲ್ಲ.

ಟೂಲ್ ಹಿಡಿಯುವುದೂ ಹಾಗೆಯೇ. ಸ್ಪಿಂಡಲ್ಲಿನ ಒಳಗೆ ಬಟ್ಟಲಿನಾಕಾರದ ಸ್ಪ್ರಿಂಗ್ ವಾಷರುಗಳನ್ನು ಒಂದರ ಮೇಲೊಂದು ಜೋಡಿಸುತ್ತಾರೆ. ಅವು ನಡುವಿನ ಸರಳನ್ನು ಮೇಲಕ್ಕೆಳೆದು, ಟೂಲ್ ಹೋಲ್ಡರಿನ ತುದಿಯ ಗುಂಡಿಯನ್ನು ಕಚ್ಚಿ ಹಿಡಿಯುತ್ತವೆ. ಬಿಡಿಸಲು ಮೇಲಿಂದ ಗಾಳಿ ಸಿಲಿಂಡರು ಒತ್ತಬೇಕು. ಕೆಲಸದ ನಡುವೆ ಕರೆಂಟು ಹೋಯ್ತು ಅನ್ನಿ, ಟೂಲ್ ಬೀಳುವುದಿಲ್ಲ. ನಮ್ಮ ತಾಲ್ಲೂಕುಗಳಲ್ಲಿ ಇದು ಸಣ್ಣ ಮಾತಲ್ಲ.

ಒತ್ತುವ ಬಲ ಎಷ್ಟು? 100 ಮಿಲಿಮೀಟರ್ ವ್ಯಾಸದ ಸಿಲಿಂಡರಿನ ಅಗಲ ಸುಮಾರು 78 ಚದರ ಸೆಂಟಿಮೀಟರ್. ಕಂಪ್ರೆಸರಿನ ಗಾಳಿ ಚದರ ಸೆಂಟಿಮೀಟರಿಗೆ 6 ಕಿಲೋ ಒತ್ತಿದರೆ ಒಟ್ಟು 470 ಕಿಲೋ. ಸಾಲದಿದ್ದರೆ ಎರಡು ಸಿಲಿಂಡರನ್ನು ಒಂದರ ಮೇಲೊಂದು ಕೂರಿಸುತ್ತಾರೆ.

ಇಲ್ಲೇ ಹೊಸಬರು ಎಡವುವುದು. ಅಷ್ಟು ಭಾರ ಸ್ಪಿಂಡಲ್ ಬೇರಿಂಗಿನ ಮೇಲೆ ಬಿದ್ದರೆ, 200 ಸಲ ಅಲ್ಲ, ಅದಕ್ಕೂ ಮೊದಲೇ ಬೇರಿಂಗ್ ಗೊಣಗಲು ಶುರು. ಬಲ್ಲವರು ಸಿಲಿಂಡರನ್ನು ಬಿಗಿಯಾಗಿ ಕೂರಿಸುವುದಿಲ್ಲ. ತುಸು ಮೇಲೆ ಕೆಳಗೆ ಆಡುವಂತೆ ಬಿಡುತ್ತಾರೆ. ಒತ್ತುವಾಗ ಅದು ಸ್ಪಿಂಡಲ್ಲಿನ ಕಾಲರನ್ನೇ ಕೆಳಗಿನಿಂದ ಹಿಡಿದುಕೊಳ್ಳುತ್ತದೆ. ಬಲ ಅಲ್ಲೇ ಹುಟ್ಟಿ ಅಲ್ಲೇ ಮುಗಿಯುತ್ತದೆ, ಬೇರಿಂಗಿಗೆ ತಾಗುವುದಿಲ್ಲ.

ಜಾತ್ರೆಯ ರಂಗರಾಟೆ

ಟೂಲ್‌ಗಳು ಕೂರಲು ಒಂದು ದುಂಡು ತಟ್ಟೆ, ಅದರ ಸುತ್ತ ಎಂಟೋ ಹತ್ತೋ ಕವಲು. ಜಾತ್ರೆಯ ರಂಗರಾಟೆಯಂತೆ ತಿರುಗುತ್ತದೆ. ಸ್ಪಿಂಡಲ್ ನಿಲ್ಲಬೇಕು, ಹೋಲ್ಡರಿನ ಕಾಡಿಗೆ ಕವಲು ಸೇರಬೇಕು, ಗಾಳಿ 'ಬುಸ್' ಅನ್ನಬೇಕು, ಸ್ಪಿಂಡಲ್ ಮೇಲೇಳಬೇಕು, ತಟ್ಟೆ ತಿರುಗಬೇಕು, ಸ್ಪಿಂಡಲ್ ಮತ್ತೆ ಇಳಿದು ಹೊಸದನ್ನು ಕಚ್ಚಬೇಕು. ಆಮೇಲಷ್ಟೇ ಕವಲು ಹಿಂದೆ ಸರಿಯಬೇಕು.

"ಎರಡು ಸೆಕೆಂಡು ಕಾದರೆ ಆಗಿರುತ್ತೆ ಬಿಡಿ" ಎಂಬ ಧೈರ್ಯ ಇಲ್ಲಿ ನಡೆಯದು. ಪ್ರತಿ ಹೆಜ್ಜೆಗೂ ಸೆನ್ಸರ್ ಸಾಕ್ಷಿ ಹೇಳಬೇಕು. ಕಂಡಕ್ಟರ್ ಸೀಟಿ ಊದದೆ ಡ್ರೈವರ್ ಗಾಡಿ ಬಿಡುತ್ತಾನೆಯೇ? ಸ್ಪಿಂಡಲ್ ತಿರುಗುವಾಗ ಗಾಳಿ ಬಿಟ್ಟರೆ ಟೂಲ್ ಗುಂಡಿನಂತೆ ಹಾರುತ್ತದೆ. ಹಾಗಾಗಿ ಕಂಪ್ಯೂಟರನ್ನು ಮಾತ್ರ ನಂಬದೆ, ಸ್ಪಿಂಡಲ್ ಓಡುವಾಗ ಗಾಳಿಯ ವಾಲ್ವಿಗೆ ಕರೆಂಟೇ ಹೋಗದಂತೆ ವೈರಿಂಗಿನಲ್ಲೇ ಕಟ್ಟು ಹಾಕಬೇಕು. ಸುತ್ತ ಗಟ್ಟಿ ಮರೆಯೂ ಬೇಕು. ಬೆರಳು ಹೋದರೆ ಅಂಗಡಿಯಲ್ಲಿ ಸಿಗುವ ಸ್ಪೇರ್ ಪಾರ್ಟ್ ಅಲ್ಲ.

ಪ್ರತಿ ಟೂಲಿಗೂ ಅದರದೇ ಹೋಲ್ಡರ್ ಇದ್ದರೆ ಉದ್ದವನ್ನು ಒಮ್ಮೆ ಅಳೆದು ಕಂಪ್ಯೂಟರಿಗೆ ಬರೆಸಿದರಾಯಿತು. ಆದರೆ ಹೋಲ್ಡರ್ ಕೂರುವ ಇಳಿಜಾರಿನಲ್ಲಿ ಕಬ್ಬಿಣದ ಒಂದು ಚೂರು ಸಿಕ್ಕಿದರೂ ಅಳತೆ ಕೆಡುತ್ತದೆ. ಅದಕ್ಕೇ ಪ್ರತಿ ಸಲ ಗಾಳಿ ಊದಿ ಒರೆಸುವ ವ್ಯವಸ್ಥೆ. ಇನ್ನು ಮೆಷಿನ್ ನಡೆಸಲು ಲಿನಕ್ಸ್‌ಸಿಎನ್‌ಸಿ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ.

ಎಲ್ಲರಿಗೂ ಬೇಕೇ?

ಬೇಡ. ದಿನಕ್ಕೊಂದು ಬುಷ್ಷು, ಎರಡು ಪಿನ್ನು ಮಾಡುವ ಅಂಗಡಿಗೆ ಇದು ಬೆಳ್ಳಿಯ ಸೌಟು. ಕೈಯಲ್ಲಿ ಬದಲಿಸುವುದೇ ಲೇಸು. ನಲವತ್ತು ಪೀಸಿನ ಆರ್ಡರು ತಿಂಗಳಿಗೆ ನಾಲ್ಕು ಸಲ ಬರುವಂತಿದ್ದರೆ ಮಾತ್ರ ಯೋಚಿಸಬೇಕು. ಆರ್ಡರು ಮೊದಲೋ ಮೆಷಿನ್ ಮೊದಲೋ ಎಂಬ ತಕರಾರು ಬೇರೆ. ಸಾಲ ಮಾಡಿ ಕಟ್ಟಿ ಬಾಗಿಲಲ್ಲಿ ಗಿರಾಕಿ ಕಾಯುವುದು ಜಾಣತನವಲ್ಲ.

ಆದರೆ ಕಟ್ಟಲು ಬೇಕಾದದ್ದರಲ್ಲಿ ನಮ್ಮವರಿಗೆ ಅಪರಿಚಿತವಾದದ್ದು ಎಷ್ಟು? ಸ್ಪ್ರಿಂಗಿನ ಬಲ ಬಸ್ ಮೆಕ್ಯಾನಿಕ್ಕಿಗೆ ಗೊತ್ತು. ಕಂಪ್ರೆಸರು ಪಂಚರ್ ಅಂಗಡಿಯಲ್ಲಿದೆ. ತಟ್ಟೆ, ಕವಲು, ಕಾಲರು ಲೇತಿನವನ ದಿನನಿತ್ಯದ ಕೆಲಸ. ಸೆನ್ಸರ್, ವೈರಿಂಗು ಐಟಿಐ ಹುಡುಗನ ಪಾಠದಲ್ಲೇ ಇದೆ. ಇವರು ನಾಲ್ವರೂ ಬಸ್ ಸ್ಟ್ಯಾಂಡಿನ ಒಂದೇ ಹೋಟೆಲಿನಲ್ಲಿ ಬೈಟೂ ಕಾಫಿ ಕುಡಿಯುವವರು. ಒಂದೇ ಮೇಜಿಗೆ ಬಂದು ಕೂರಬೇಕು, ಅಷ್ಟೆ.

ನಾಳೆ ಬಸ್ಸು ಹೊರಡುವಾಗ ಡ್ರೈವರ್ ಹ್ಯಾಂಡ್‌ಬ್ರೇಕ್ ಬಿಡುವುದನ್ನು ಗಮನಿಸಿ. ಪೀಣ್ಯದ ದೊಡ್ಡ ಮೆಷಿನ್ನಿನ ಅರ್ಧ ಗುಟ್ಟು ನಿಮ್ಮ ಸೀಟಿನ ಕೆಳಗೇ ಇರುತ್ತದೆ.