ಬೈಕ್ ಬಿಟ್ಟು ಹೋದ ಕಪ್ಪು ಕಲೆ

ಸೆಕೆಂಡ್ ಹ್ಯಾಂಡ್ ಬೈಕ್ ಇಟ್ಕೊಂಡಿರೋರಿಗೆಲ್ಲ ಈ ಕಲೆಯ ಪರಿಚಯ ಇದ್ದೇ ಇರುತ್ತೆ. ಬಾಡಿಗೆ ಮನೆ ಗೇಟಿನ ಒಳಗೆ, ಸಿಮೆಂಟ್ ನೆಲದ ಮೇಲೆ ರಾತ್ರಿಯೆಲ್ಲ ಹನಿ ಹನಿಯಾಗಿ ಬಿದ್ದ ಎಂಜಿನ್ ಆಯಿಲ್. ಮನೆ ಖಾಲಿ ಮಾಡುವಾಗ ಓನರ್ ಇದನ್ನೇ ತೋರಿಸಿ ಅಡ್ವಾನ್ಸ್‌ನಲ್ಲಿ ದುಡ್ಡು ಹಿಡ್ಕೋಬಹುದು. ಅದಕ್ಕಿಂತ ಮುಖ್ಯ ಅಂದ್ರೆ, ಮಳೆ ಬಿದ್ದಾಗ ಇಳಿಜಾರಿನಲ್ಲಿ ಇದರ ಮೇಲೆ ಕಾಲಿಟ್ರೆ ಜಾರೋದು ಗ್ಯಾರಂಟಿ.

ಬರೀ ನೀರು ಹಾಕಿ ಉಜ್ಜಿದ್ರೆ ಯಾಕೆ ಹೋಗಲ್ಲ? ಕಾಂಕ್ರೀಟ್ ನೋಡೋಕೆ ಗಟ್ಟಿ, ಆದರೆ ಒಳಗೆಲ್ಲ ಸಣ್ಣ ಸಣ್ಣ ರಂಧ್ರಗಳು. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಅದು ಆಯಿಲನ್ನು ಒಳಗೆ ಎಳ್ಕೊಳ್ಳುತ್ತೆ. ಅಂದ್ರೆ ಕಲೆ ನೆಲದ ಮೇಲಿಲ್ಲ, ನೆಲದ ಒಳಗಿದೆ. ನೀರಿಗೂ ಎಣ್ಣೆಗೂ ಹೇಗೂ ಆಗಿಬರಲ್ಲ.

ಆದ್ದರಿಂದ ಮೊದಲ ಕೆಲಸ ತೊಳೆಯೋದಲ್ಲ, ಹೀರಿಸೋದು. ಹಸಿ ಆಯಿಲ್ ಮೇಲೆ ಮರದ ಹೊಟ್ಟು ಅಥವಾ ಒಣ ಮಣ್ಣು ದಪ್ಪಗೆ ಹರಡಿ, ಕಾಲಿನಿಂದ ಸ್ವಲ್ಪ ಒತ್ತಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಗುಡಿಸಿ ತೆಗೀರಿ.

ಆಮೇಲೆ ಡಿಟರ್ಜೆಂಟ್. ಇದರ ಅಣುವಿಗೆ ಎರಡು ತುದಿ: ಒಂದು ಎಣ್ಣೆಯನ್ನು ಹಿಡಿಯುತ್ತೆ, ಇನ್ನೊಂದು ನೀರನ್ನು. ಎಣ್ಣೆಯ ಸಣ್ಣ ಕಣಗಳನ್ನು ಸುತ್ತುವರಿದು ನೀರಿನ ಜೊತೆ ಹೊರಗೆ ತರುತ್ತೆ. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಓದಿದ ಮಿಸೆಲ್ ಇದೇನೇ. ಬಟ್ಟೆ ಸೋಪಿನ ಪುಡಿಯನ್ನು ಬಿಸಿನೀರಲ್ಲಿ ಪೇಸ್ಟ್ ಥರ ಕಲಸಿ, ಕಲೆಯ ಮೇಲೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ಗಟ್ಟಿ ನೈಲಾನ್ ಬ್ರಷ್‌ನಲ್ಲಿ ಉಜ್ಜಿ. ಪೇಸ್ಟ್ ಒಣಗೋಕೆ ಬಿಡಬೇಡಿ. ಹಳೇ ಕಲೆ ಆದ್ರೆ 2-3 ಸಲ ಮಾಡಬೇಕಾಗುತ್ತೆ. ಆಮೇಲೂ ಮಸುಕಾದ ನೆರಳು ಉಳಿಯಬಹುದು, ಆದರೆ ಜಾರಲ್ಲ.

ಬರೀ ವಾಷಿಂಗ್ ಸೋಡಾ ಸಾಲದಾ ಅಂತ ಕೇಳಬಹುದು. ಅಡುಗೆ ಎಣ್ಣೆ ಕ್ಷಾರದ ಜೊತೆ ಸೇರಿ ಸೋಪ್ ಆಗುತ್ತೆ, ಸರಿ. ಆದರೆ ಎಂಜಿನ್ ಆಯಿಲ್ ಹೆಚ್ಚಾಗಿ ಹೈಡ್ರೋಕಾರ್ಬನ್, ಅದು ಸೋಪ್ ಆಗಲ್ಲ. ಹಾಗಾಗಿ ಇಲ್ಲಿ ಡಿಟರ್ಜೆಂಟ್ ಬೇಕೇ ಬೇಕು.

ಎರಡು ಕೆಲಸ ಮಾತ್ರ ಮಾಡಲೇಬೇಡಿ. ಒಂದು, ಪೆಟ್ರೋಲ್ ಸುರಿಯೋದು. ಅದು ಆಯಿಲನ್ನು ತೆಳ್ಳಗೆ ಮಾಡಿ ಇನ್ನೂ ಆಳಕ್ಕೆ ಇಳಿಸುತ್ತೆ, ಅದರ ಆವಿಗೆ ಒಂದು ಕಿಡಿ ಸಾಕು. ಎರಡು, ಟಾಯ್ಲೆಟ್ ತೊಳೆಯೋ ಆಸಿಡ್. ಅದು ಎಣ್ಣೆಯನ್ನು ಮುಟ್ಟಲ್ಲ, ಸಿಮೆಂಟನ್ನೇ ತಿನ್ನುತ್ತೆ. ಕಲೆ ಅಲ್ಲೇ ಇರುತ್ತೆ, ನೆಲ ಮಾತ್ರ ಹಾಳು.

ಗುಡಿಸಿದ ಹೊಟ್ಟನ್ನು ಚರಂಡಿಗೆ ತಳ್ಳಬೇಡಿ. ಮಳೆನೀರಿನ ಚರಂಡಿ ಕೊನೆಗೆ ಸೇರೋದು ಕೆರೆಗೋ ಹೊಳೆಗೋ. ಆಯಿಲ್ ಕುಡಿದ ಹೊಟ್ಟು ಬೇಗ ಹೊತ್ತಿಕೊಳ್ಳುತ್ತೆ ಕೂಡ, ಆದ್ದರಿಂದ ಬೆಂಕಿಯಿಂದ ದೂರ ಇಡಿ. ಹಳೇ ಆಯಿಲ್ ತಗೊಳ್ಳೋ ಗ್ಯಾರೇಜ್‌ನಲ್ಲಿ ಇದನ್ನೂ ತಗೋತಾರಾ ಕೇಳಿ ನೋಡಿ.

ಕೊನೆಯದಾಗಿ, ಸೋರೋದು ನಿಲ್ಲದೆ ತೊಳೆದು ಪ್ರಯೋಜನ ಇಲ್ಲ. ಇವತ್ತು ರಾತ್ರಿ ಬೈಕ್ ಕೆಳಗೆ ಒಂದು ರಟ್ಟು ಹಾಸಿಡಿ. ಬೆಳಿಗ್ಗೆ ಹನಿ ಎಲ್ಲಿ ಬಿದ್ದಿದೆ ನೋಡಿದ್ರೆ ಎಲ್ಲಿಂದ ಸೋರ್ತಿದೆ ಅಂತ ಅಂದಾಜು ಸಿಗುತ್ತೆ. ಎಷ್ಟೋ ಸಲ ಡ್ರೈನ್ ಬೋಲ್ಟ್‌ನ ಒಂದು ವಾಷರ್ ಬದಲಾಯಿಸಿದ್ರೆ ಮುಗೀತು.